ದುಡಿಯಲಾರದ ಯೋಧ: ಅಮೆರಿಕದ ಪರಿಹಾರ ಕಾನೂನು ನಡೆದು ಬಂದ ದಾರಿ

ಮೊಣಕಾಲು ಹೋದರೆ ಬಡಗಿಯ ಅನ್ನವೇ ಹೋದಂತೆ. ಅದೇ ಕಾಲಿಟ್ಟುಕೊಂಡು ಗುಮಾಸ್ತನೊಬ್ಬ ನಿವೃತ್ತಿಯವರೆಗೂ ದುಡಿಯಬಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ, 1917ರಲ್ಲಿ, ಅಮೆರಿಕದ ಸಂಸತ್ತು ಗಾಯಾಳು ಯೋಧರ ಪರಿಹಾರಕ್ಕೆ ಆರಿಸಿಕೊಂಡ ಅಳತೆಗೋಲು ಇಬ್ಬರಿಗೂ ಒಂದೇ ಆಗಿತ್ತು: ಅಂಥ ಗಾಯದಿಂದ ಸರಾಸರಿ ಎಷ್ಟು ಗಳಿಕೆ ತಪ್ಪುತ್ತದೆ ಎಂಬುದು. ಆ ಸರಾಸರಿಯೊಳಗೆ ಮರೆಯಾದ ಬಡಗಿಯನ್ನು ಮತ್ತೆ ಕಾಣುವ ಪ್ರಯತ್ನವೇ ಈ ಕಾನೂನಿನ ಮುಂದಿನ ಚರಿತ್ರೆ ಎಂದು ನನ್ನ ತಿಳಿವಳಿಕೆ.

ಅಂಥ ಒಂದು ಹೆಜ್ಜೆ 1934ರದು. ವೈಕಲ್ಯ ಶೇ. 100 ಮುಟ್ಟದಿದ್ದರೂ, ಸೇವೆಯಲ್ಲಾದ ಗಾಯ, ಕಾಯಿಲೆಗಳಿಂದ ಉದ್ಯೋಗ ಮಾಡಲಾಗದವನಿಗೆ ಪೂರ್ಣ ಪರಿಹಾರ ಕೊಡುವ ಬಾಗಿಲು ಆಗ ತೆರೆಯಿತು. ಅರ್ಜಿದಾರರ ಬಾಯಲ್ಲಿ ಅದರ ಹೆಸರು ಈಗ 'ಟಿಡಿಐಯು'. ಇಂದಿನ ನಿಯಮದಲ್ಲಿ ಒಂದೇ ವೈಕಲ್ಯವಿದ್ದರೆ ಶೇ. 60 ಬೇಕು, ಹಲವಿದ್ದರೆ ಒಂದಾದರೂ ಶೇ. 40 ಇದ್ದು, ಒಟ್ಟು ಶೇ. 70 ಆಗಬೇಕು. ಈ 'ಒಟ್ಟು' ನಾವು ಶಾಲೆಯಲ್ಲಿ ಕಲಿತ ಕೂಡುವ ಲೆಕ್ಕವಲ್ಲ. ಯುದ್ಧದ ಮನೋಗಾಯಕ್ಕೆ 50, ಬೆನ್ನಿಗೆ 40 ಸಿಕ್ಕರೆ 90 ಆಗುವುದಿಲ್ಲ. ಉಳಿದ 50ರಲ್ಲಿ ಶೇ. 40, ಅಂದರೆ 20 ಮಾತ್ರ ಸೇರಿ 70 ಆಗುತ್ತದೆ. ಅಷ್ಟೂ ಮುಟ್ಟದವರ ಕಡತವನ್ನು ವಿಶೇಷ ಪರಿಶೀಲನೆಗೆಂದು ಪರಿಹಾರ ವಿಭಾಗದ ನಿರ್ದೇಶಕರಿಗೆ ಕಳಿಸಬೇಕು. ವಯಸ್ಸನ್ನಾಗಲಿ ಸೇವೆಗೆ ಸಂಬಂಧಿಸದ ಕಾಯಿಲೆಯನ್ನಾಗಲಿ ನೆಪ ಮಾಡಿ ಅರ್ಜಿ ತಳ್ಳುವಂತಿಲ್ಲ.

ದಶಕಗಳ ಕಾಲ ಮಾಜಿ ಯೋಧರ ಇಲಾಖೆ ಹೇಳಿದ್ದೇ ಕೊನೆಯ ಮಾತಾಗಿತ್ತು. ನ್ಯಾಯಾಲಯದ ಮೆಟ್ಟಿಲು ಹತ್ತುವ ಹಾದಿ ಇರಲಿಲ್ಲವೆಂದೇ ಹೇಳಬೇಕು. ದೇಶಕ್ಕಾಗಿ ಕೈಕಾಲು ಕೊಟ್ಟವರನ್ನು ಹಾಗೆ ಕಾಯಿಸಿದ್ದು ಅನ್ಯಾಯವೇ. 1988ರ ಕಾಯ್ದೆ ಮಾಜಿ ಯೋಧರ ಮೇಲ್ಮನವಿಗೆಂದೇ ನ್ಯಾಯಾಲಯವೊಂದನ್ನು ಸ್ಥಾಪಿಸಿದ ಮೇಲೆ ಈ ಕ್ಷೇತ್ರದ ಚಹರೆ ಬದಲಾಯಿತು. 'ನನಗೆ ಕೆಲಸ ಮಾಡಲಾಗುತ್ತಿಲ್ಲ' ಎಂಬುದಕ್ಕೆ ಕಡತದಲ್ಲಿ ಪುರಾವೆಯಿದ್ದರೆ, ಅರ್ಜಿದಾರ ಟಿಡಿಐಯು ಎಂದು ಹೆಸರಿಟ್ಟು ಕೇಳದಿದ್ದರೂ ಇಲಾಖೆ ಪರಿಶೀಲಿಸಬೇಕೆಂದು 2001ರಲ್ಲಿ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ ಹೇಳಿತು. 2009ರ ರೈಸ್ ಪ್ರಕರಣದಲ್ಲಿ, ಇದು ಬೇರೆಯೇ ಅರ್ಜಿಯಲ್ಲ, ವೈಕಲ್ಯದ ಪ್ರಮಾಣ ಕೇಳುವ ಅರ್ಜಿಯದೇ ಭಾಗ ಎಂದಾಯಿತು.

ನನ್ನ ಮಟ್ಟಿಗೆ ಬಹಳ ಮುಖ್ಯವಾದದ್ದು 2019ರ 'ರೇ ವಿರುದ್ಧ ವಿಲ್ಕಿ' ತೀರ್ಪು. ಕೂರಲು, ನಿಲ್ಲಲು, ಭಾರ ಎತ್ತಲು ಆಗುತ್ತದೆಯೇ ಎಂಬುದಷ್ಟೇ ಸಾಲದು. ಓದು, ತರಬೇತಿ, ಹಿಂದೆ ಮಾಡಿದ ಕೆಲಸ, ನೆನಪು, ಏಕಾಗ್ರತೆ, ಒತ್ತಡ ತಾಳುವ ಶಕ್ತಿ, ಸಹೋದ್ಯೋಗಿಗಳೊಡನೆ ಹೊಂದಿಕೊಳ್ಳುವ ಬಗೆ, ಇವನ್ನೂ ನೋಡಬೇಕು ಎಂದಿತು ಅದು. ಬಡಗಿ ಕೊನೆಗೂ ಕಣ್ಣಿಗೆ ಬಿದ್ದ.

ವಿರೋಧವೂ ಇತ್ತು. ನಿವೃತ್ತಿಯ ವಯಸ್ಸಿನವರಿಗೆ ಈ ಹಣ ಏಕೆ ಎಂಬ ವಾದ ಹಿಡಿದು, ಅದನ್ನು ನಿಲ್ಲಿಸುವ ಪ್ರಸ್ತಾವ 2017ರ ಬಜೆಟ್ಟಿನಲ್ಲಿ ಬಂತು. ಮಾಜಿ ಯೋಧರ ಸಂಘಗಳು ತಿರುಗಿಬಿದ್ದ ಮೇಲೆ ಸರ್ಕಾರ ಹಿಂದೆ ಸರಿಯಿತು.

ತೊಡಕು ಇನ್ನೂ ಇರುವುದು 'ಕೆಲಸ' ಎಂಬ ಪದದಲ್ಲಿ. ಒಂಟಿ ವ್ಯಕ್ತಿಯ ಬಡತನ ರೇಖೆಯನ್ನು ಮೀರದ ಗಳಿಕೆಯನ್ನು ಉದ್ಯೋಗವೆಂದು ಎಣಿಸುವುದಿಲ್ಲ. ಅದಕ್ಕಿಂತ ಹೆಚ್ಚು ಸಂಪಾದಿಸಿದರೂ, 'ರಕ್ಷಿತ ವಾತಾವರಣ'ದಲ್ಲಿ ದುಡಿಯುತ್ತಿದ್ದರೆ ಪರಿಹಾರಕ್ಕೆ ಅವಕಾಶವಿದೆ. ಹಾಗೆಂದರೇನು? ನಿಯಮ ಕೊಡುವ ಉದಾಹರಣೆ ಎರಡೇ: ಮನೆಯವರ ವ್ಯಾಪಾರ, ಅಂಗವಿಕಲರಿಗೆಂದೇ ಇರುವ ಕಾರ್ಯಾಗಾರ. ತಲೆ ಕೆಟ್ಟ ದಿನ ಮನೆಗೆ ಕಳಿಸಿ, ಕಡತ ತಾನೇ ಮುಗಿಸಿಕೊಡುವ ಕರುಣಾಳು ಮೇಲಧಿಕಾರಿಯ ಕಚೇರಿ ಅದರೊಳಗೆ ಬರುತ್ತದೆಯೇ ಎಂಬುದನ್ನು ಒಂದೊಂದು ಅರ್ಜಿಯಲ್ಲೂ ಹೊಸದಾಗಿ ವಾದಿಸಬೇಕಾಗಿದೆ.