ಮೂರು ಸಂಸ್ಥಾನಗಳ ಸೆನೆಟರ್ ಜೇಮ್ಸ್ ಶೀಲ್ಡ್ಸ್

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸೆನೆಟ್ ಸಭೆಯಲ್ಲಿ ಮೂರು ಬೇರೆ ಬೇರೆ ಸಂಸ್ಥಾನಗಳ ಪ್ರತಿನಿಧಿಯಾಗಿ ಕುಳಿತವನು ಇತಿಹಾಸದಲ್ಲಿ ಒಬ್ಬನೇ. ಅವನು ಆ ದೇಶದಲ್ಲಿ ಹುಟ್ಟಿದವನೂ ಅಲ್ಲ. ಜೇಮ್ಸ್ ಶೀಲ್ಡ್ಸ್ ಐರ್ಲೆಂಡಿನ ಟೈರೋನ್ ಪ್ರಾಂತದವನು. ಲಿಂಕನ್ನನನ್ನು ದ್ವಂದ್ವಯುದ್ಧಕ್ಕೆ ಕರೆದವನೆಂದೇ ಇಂದು ಅವನ ಹೆಸರು ಕೇಳಿಬರುವುದುಂಟು. ಆದರೆ ಆ ಕಲಹದ ಮೂಲದಲ್ಲಿದ್ದುದು ಬ್ಯಾಂಕಿನ ನೋಟು. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನನಗೆ ಅವನ ಜೀವನದ ಮರ್ಮವು ಅಲ್ಲಿಯೇ ಅಡಗಿರುವಂತೆ ತೋರುತ್ತದೆ.

ಶೀಲ್ಡ್ಸನು ಹುಟ್ಟಿದುದು 1806ರಲ್ಲಿ. 1810 ಎಂದು ಹೇಳುವವರೂ ಇದ್ದಾರೆ. ತರುಣನಾಗಿದ್ದಾಗಲೇ ಅಮೆರಿಕಕ್ಕೆ ಬಂದು, ಇಲಿನಾಯ್ ಸಂಸ್ಥಾನದ ಕಸ್ಕಾಸ್ಕಿಯದಲ್ಲಿ ಉಪಾಧ್ಯಾಯನಾಗಿ, ಬಳಿಕ ವಕೀಲನಾಗಿ ನೆಲೆಸಿದನು. 1836ರಲ್ಲಿ ಡೆಮೊಕ್ರಾಟಿಕ್ ಪಕ್ಷದಿಂದ ಶಾಸನಸಭೆಯನ್ನು ಸೇರಿದನು. 1842ರ ಹೊತ್ತಿಗೆ ಸಂಸ್ಥಾನದ ಲೆಕ್ಕಾಧಿಕಾರಿಯಾಗಿದ್ದನು.

ಆ ವರ್ಷ ಇಲಿನಾಯ್‌ನ ಸ್ಟೇಟ್ ಬ್ಯಾಂಕು ಮುಳುಗಿತು. ಅದರ ನೋಟುಗಳ ಬೆಲೆಯು ಮುಖಬೆಲೆಗಿಂತ ಬಹಳ ಕೆಳಗಿಳಿಯಿತು. ಅವುಗಳನ್ನು ಪೂರ್ಣ ಬೆಲೆಗೆ ತೆರಿಗೆಯಾಗಿ ಸ್ವೀಕರಿಸಿದರೆ ಬೊಕ್ಕಸವು ಬರಿದಾಗುವುದು. ಸ್ವೀಕರಿಸದಿದ್ದರೆ, ಆ ಕಾಗದವಲ್ಲದೆ ಬೇರೇನೂ ಕೈಯಲ್ಲಿಲ್ಲದ ರೈತನು ಕಂಗೆಡುವನು. ಬೆಳ್ಳಿಬಂಗಾರದ ನಾಣ್ಯಗಳಿಗೇ ಒತ್ತು ಕೊಟ್ಟ ಆಜ್ಞೆಯು ಶೀಲ್ಡ್ಸನ ಹೆಸರಿನಲ್ಲಿ ತೆರಿಗೆ ವಸೂಲಿದಾರರಿಗೆ ಹೋಯಿತು. ಬೊಕ್ಕಸದ ದೃಷ್ಟಿಯಿಂದ ಅದು ಸರಿಯಾದ ಆಜ್ಞೆ. ರೈತನ ದೃಷ್ಟಿಯಿಂದ ನಿಷ್ಠುರವಾದುದು.

ವಿಗ್ ಪಕ್ಷದ ಲಿಂಕನ್ನನು ಈ ಅವಕಾಶವನ್ನು ಬಿಡಲಿಲ್ಲ. ರೆಬೆಕ್ಕಾ ಎಂಬ ಹಳ್ಳಿಯ ಹೆಂಗಸಿನ ಹೆಸರಿನಲ್ಲಿ ಪತ್ರಿಕೆಗೆ ಕಾಗದ ಬರೆದು, ಆಜ್ಞೆಯನ್ನಲ್ಲದೆ ಶೀಲ್ಡ್ಸನ ನಡೆನುಡಿಯನ್ನೂ ಗೇಲಿ ಮಾಡಿದನು. ಮಾನಧನನಾದ ಶೀಲ್ಡ್ಸನು ದ್ವಂದ್ವಕ್ಕೆ ಕರೆದನು. ಆಯುಧವನ್ನು ಆರಿಸುವ ಹಕ್ಕು ಪಡೆದ ಲಿಂಕನ್ನನು ಉದ್ದನೆಯ ಖಡ್ಗಗಳನ್ನು ಆರಿಸಿದನು. ಆರಡಿ ನಾಲ್ಕಂಗುಲದ ಆಳಿಗೆ ಅದು ಅನುಕೂಲವೇ ಸರಿ. 1842ರ ಸೆಪ್ಟೆಂಬರ್ 22ರಂದು ಆಲ್ಟನ್ ನಗರದೆದುರು, ಮಿಸಿಸಿಪಿ ನದಿಯಾಚೆ ಇಬ್ಬರೂ ಸೇರಿದರು. ಮಿತ್ರರ ಮಧ್ಯಸ್ತಿಕೆಯಿಂದ ರಕ್ತ ಹರಿಯದೆ ಪ್ರಸಂಗವು ಮುಗಿಯಿತು.

ಮುಂದೆ ಶೀಲ್ಡ್ಸನು ಮೆಕ್ಸಿಕೋ ಯುದ್ಧದಲ್ಲಿ, 1847ರಲ್ಲಿ, ಸೆರೋ ಗೋರ್ಡೋ ಎಂಬಲ್ಲಿ ತೀವ್ರವಾಗಿ ಗಾಯಗೊಂಡು ಬದುಕಿ ಬಂದನು. ಆ ವೀರನನ್ನು ಇಲಿನಾಯ್ ಶಾಸನಸಭೆಯು 1849ರಲ್ಲಿ ಸೆನೆಟ್‌ಗೆ ಚುನಾಯಿಸಿತು. ಆಗ ಮೊದಲಾಯಿತು ಅವನ ಮೇಲಿನ ಲೆಕ್ಕ ತನಿಖೆ. ಸೆನೆಟ್ ಸದಸ್ಯನು ಒಂಬತ್ತು ವರ್ಷಗಳಿಂದ ಪೌರನಾಗಿರಬೇಕೆಂದು ಸಂವಿಧಾನದ ವಿಧಿ. ಶೀಲ್ಡ್ಸನಿಗೆ ಪೌರತ್ವ ದೊರೆತುದು 1840ರ ಅಕ್ಟೋಬರ್ 21ರಂದು. ಸದಸ್ಯತ್ವದ ಅವಧಿಯು ಆರಂಭವಾದುದು 1849ರ ಮಾರ್ಚ್ 4ರಂದು. ಏಳು ತಿಂಗಳಿಗೂ ಹೆಚ್ಚು ಕಾಲ ಕಡಿಮೆ! ರಣರಂಗದಲ್ಲಿ ಸುರಿಸಿದ ರಕ್ತವು ಈ ಬಾಕಿಗೆ ಜಮೆಯಾಗಲಿಲ್ಲ. ಮಾರ್ಚ್ 15ರಂದು ಸೆನೆಟ್ ಅವನ ಚುನಾವಣೆಯನ್ನು ಅಸಿಂಧುವೆಂದು ಸಾರಿತು.

ಏಳು ವರ್ಷಗಳ ಹಿಂದೆ ನೋಟಿನ ಮುಖಬೆಲೆಯನ್ನು ಒಪ್ಪದಿದ್ದ ಅಧಿಕಾರಿಯ ಚುನಾವಣಾಪತ್ರವೇ ಈಗ ಮುಖಬೆಲೆಗೆ ಸಲ್ಲದಾಯಿತು. ಇದರಲ್ಲಿ ವ್ಯಂಗ್ಯವುಂಟು, ಆದರೆ ಅನ್ಯಾಯವುಂಟೆಂದು ಹೇಳಲಾರೆ. ನಿಯಮವು ವಲಸಿಗನನ್ನು ಹೊರಗಿಡಲಿಲ್ಲ, ಕಾಯಿಸಿತು. ಅವಧಿ ತುಂಬಿದೊಡನೆ ಅದೇ ಶಾಸನಸಭೆಯು ಅವನನ್ನು ಮತ್ತೆ ಚುನಾಯಿಸಿತು. ಈ ಬಾರಿ ಯಾರೂ ಅವನನ್ನು ಕದಲಿಸಲಾಗಲಿಲ್ಲ. ಲೆಕ್ಕವು ನಿಷ್ಠುರವಾದರೂ, ಮುಗಿದ ಮೇಲೆ ಅದೇ ದುರ್ಬಲನ ರಕ್ಷೆ.

ಶೀಲ್ಡ್ಸನ ನಡತೆಯೆಲ್ಲವೂ ಪ್ರಶಂಸನೀಯವಲ್ಲ. ಗುಲಾಮಗಿರಿಗೆ ಹೊಸ ಪ್ರದೇಶಗಳ ಬಾಗಿಲು ತೆರೆದ 1854ರ ಕಾನ್ಸಾಸ್–ನೆಬ್ರಾಸ್ಕ ಮಸೂದೆಯನ್ನು ಅವನು ಬೆಂಬಲಿಸಿದನು. ತನಗೆ ಪೌರತ್ವವಿತ್ತ ದೇಶದಲ್ಲಿ ಇತರರ ಬಂಧನವು ಹಬ್ಬುವುದಕ್ಕೆ ಒಪ್ಪಿದ ಈ ಕಲೆಯನ್ನು ಮರೆಮಾಚಲಾಗದು. 1855ರಲ್ಲಿ ಸ್ಥಾನವು ಕೈಬಿಟ್ಟಿತು. ಬಳಿಕ ಮಿನೆಸೋಟಕ್ಕೆ ಹೋಗಿ ಐರಿಷ್ ವಲಸಿಗರನ್ನು ನೆಲೆಗೊಳಿಸಿದನು. 1858ರಲ್ಲಿ ಆ ಸಂಸ್ಥಾನದ ಮೊದಲ ಸೆನೆಟರುಗಳಲ್ಲೊಬ್ಬನಾದನು.

ಅಂತರ್ಯುದ್ಧವು ಆರಂಭವಾದಾಗ, 1861ರಲ್ಲಿ, ಅಧ್ಯಕ್ಷ ಲಿಂಕನ್ನನು ಹಳೆಯ ಎದುರಾಳಿಯನ್ನೇ ಬ್ರಿಗೇಡಿಯರ್ ಜನರಲ್ ಪದವಿಗೆ ಸೂಚಿಸಿದನು. 1862ರ ಮಾರ್ಚಿಯಲ್ಲಿ ಕರ್ನ್‌ಸ್ಟೌನಿನಲ್ಲಿ ಅವನ ದಳವು ‘ಸ್ಟೋನ್‌ವಾಲ್’ ಜಾಕ್ಸನನನ್ನು ಸೋಲಿಸಿತು. ಹಿಂದಿನ ದಿನವೇ ಗಾಯಗೊಂಡಿದ್ದ ಶೀಲ್ಡ್ಸನು ಆಗ ರಣರಂಗದಲ್ಲಿರಲಿಲ್ಲ. ಜೂನ್ 9ರಂದು ಪೋರ್ಟ್ ರಿಪಬ್ಲಿಕ್‌ನಲ್ಲಿ ಅದೇ ದಳದ ಒಂದು ಭಾಗವು ಸೋತಿತು. 1863ರಲ್ಲಿ ಅವನು ಸೈನ್ಯವನ್ನು ಬಿಟ್ಟನು.

ಕೊನೆಗೆ ಮಿಸ್ಸೂರಿ ಸಂಸ್ಥಾನವು 1879ರಲ್ಲಿ, ತೆರವಾದ ಸ್ಥಾನಕ್ಕೆ ಕೆಲವೇ ವಾರಗಳ ಮಟ್ಟಿಗೆ, ಅವನನ್ನು ಸೆನೆಟ್‌ಗೆ ಕಳುಹಿಸಿತು. ಅದೇ ವರ್ಷ ಜೂನ್ 1ರಂದು ಅಯೋವಾದ ಒಟ್ಟಮ್ವಾ ನಗರದಲ್ಲಿ ಅವನು ತೀರಿಕೊಂಡನು. 1893ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಪ್ರತಿಮಾಗೃಹಕ್ಕೆ ಅವನ ವಿಗ್ರಹವನ್ನು ಕೊಟ್ಟುದು ಇಲಿನಾಯ್: ಅವನು ನೋಟನ್ನು ತಳ್ಳಿಹಾಕಿದುದೂ, ಎರಡು ಬಾರಿ ಚುನಾಯಿತನಾದುದೂ ಅಲ್ಲಿಯೇ. ಹೊರನಾಡಿನಲ್ಲಿ ಬಾಳುವ ನಾವು ಅರಿಯಬೇಕಾದುದು ಇಷ್ಟೆ: ನೆಲೆಯು ಒಂದೇ ದಿನದಲ್ಲಿ ದೊರೆಯದು; ಅದರ ಲೆಕ್ಕವನ್ನು ತುಂಬಲು ಕಾಲವೂ ಬೇಕು, ತುಂಬಿದೊಡನೆ ಒಪ್ಪಿಕೊಳ್ಳುವ ನ್ಯಾಯಬುದ್ಧಿಯೂ ಬೇಕು.