ಕಡತ ಅಣ್ಣಿಗೇರಿಯದು, ಲೆಕ್ಕ ನವಲಗುಂದದ್ದು: ತಾಲ್ಲೂಕು ವಿಭಜನೆ ಮತ್ತು ಸರ್ವರ್ ಜಾಗದ ಅಳತೆ

ಕರ್ನಾಟಕದ ಭೂದಾಖಲೆಗಳನ್ನು ಗಣಕಕ್ಕೆ ಏರಿಸಿದ 'ಭೂಮಿ' ಯೋಜನೆಯ ಚರ್ಚೆ ಬಹುಮಟ್ಟಿಗೆ ಅಧಿಕಾರದ ಸುತ್ತಲೇ ನಡೆದಿದೆ. ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದ್ದು, ತಲಾಠಿಯ ಕೈಯಲ್ಲಿದ್ದ ಉತಾರ ತಾಲ್ಲೂಕು ಕಚೇರಿಯ ಕಿಟಕಿಗೆ ಬಂದದ್ದು ಎಲ್ಲರೂ ಒಪ್ಪಿದ ಸಂಗತಿ. ಈ ಕೇಂದ್ರೀಕರಣದಿಂದ ದೊಡ್ಡ ಭೂಖರೀದಿದಾರರಿಗೆ ಅನುಕೂಲವಾಯಿತು ಎಂದು ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ವಾದಿಸಿದರು. ಆ ವಾದದ ರಾಜಕೀಯ ತಿರುಳನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ದಾಖಲೆ ಇದ್ದಲ್ಲಿಯೇ ಅದು ಹಿಡಿಯುವ ಜಾಗದ ಲೆಕ್ಕವೂ ಇರುತ್ತದೆ ಎಂದು ಈ ಚರ್ಚೆ ಹೇಳದೆಯೇ ಒಪ್ಪಿಕೊಂಡಂತಿದೆ. ನನ್ನ ತಕರಾರು ಇರುವುದು ಅಲ್ಲಿ.

ಅಕ್ಷರರೂಪದ ಪಹಣಿ ಹಗುರ. ಡಿಸ್ಕಿನ ಜಾಗದ ಲೆಕ್ಕವನ್ನು ಯಾರೂ ಕೇಳುತ್ತಿರಲಿಲ್ಲ. 2024ರಲ್ಲಿ ಶುರುವಾದ 'ಭೂ ಸುರಕ್ಷಾ' ಹಳೆಯ ದಾಖಲೆಗಳ ಚಿತ್ರಗಳನ್ನೇ ಸರ್ವರಿಗೆ ತಂದಿತು. ಅಂಗುಲಕ್ಕೆ 300 ಬಿಂದುಗಳಂತೆ ಸ್ಕ್ಯಾನ್ ಮಾಡಿದ ಎ4 ಹಾಳೆಯಲ್ಲಿ ಸುಮಾರು 87 ಲಕ್ಷ ಬಿಂದುಗಳಿರುತ್ತವೆ. ಕುಗ್ಗಿಸದೆ ಇಟ್ಟರೆ ಕಪ್ಪು-ಬಿಳುಪಿಗೆ 11 ಲಕ್ಷ ಬೈಟು ಸಾಕು, ಬಣ್ಣಕ್ಕೆ 2.6 ಕೋಟಿ ಬೇಕು. ಇನ್ನು ಜಾಗದ ಲೆಕ್ಕ ತಪ್ಪಿಸಿಕೊಳ್ಳುವಂತಿಲ್ಲ.

ಅಣ್ಣಿಗೇರಿಯನ್ನೇ ನೋಡಿ. 2017–18ರ ಹೊಸ ತಾಲ್ಲೂಕುಗಳ ಸಾಲಿನಲ್ಲಿ ಅದು ನವಲಗುಂದದಿಂದ ಬೇರೆಯಾಯಿತು. ಇಂಥ ದಾಖಲೆಗಳು ಲಿನಕ್ಸ್ ಸರ್ವರೊಂದರಲ್ಲಿ, ತಾಲ್ಲೂಕಿಗೊಂದು ಫೋಲ್ಡರ್, ಫೋಲ್ಡರಿಗೊಂದು ಗುಂಪು ಎಂಬಂತೆ ಇವೆ ಎಂದಿಟ್ಟುಕೊಳ್ಳೋಣ. ನವಲಗುಂದದ ಫೋಲ್ಡರಿನಿಂದ ಕಡತವನ್ನು ಅಣ್ಣಿಗೇರಿಯದಕ್ಕೆ ಸರಿಸಿದಾಗ ಅದರ ದಾರಿ ಬದಲಾಗುತ್ತದೆ, ಗುಂಪಿನ ಗುರುತು ಬದಲಾಗುವುದಿಲ್ಲ. ಫೋಲ್ಡರ್ ಹೊಕ್ಕು ಎಣಿಸುವ 'ಡಿಯು' ಅದನ್ನು ಅಣ್ಣಿಗೇರಿಗೆ ಬರೆಯುತ್ತದೆ. ಕಡತದ ಗುಂಪನ್ನು ನೋಡಿ ಎಣಿಸುವ ಗುಂಪಿನ ಕೋಟಾ ಇನ್ನೂ ನವಲಗುಂದದ ಖಾತೆಗೇ ಹಾಕುತ್ತದೆ. ಸಂಸಾರ ಊರು ಬಿಟ್ಟರೂ ಪಡಿತರ ಚೀಟಿ ಹಳೆಯ ಊರಲ್ಲೇ ಉಳಿದ ಹಾಗೆ. ಎರಡೂ ಅಳತೆ ಸರಿಯೇ, ಉತ್ತರ ಮಾತ್ರ ಬೇರೆ.

ಸರ್ವರ್ ಆಡಳಿತಗಾರರು ಇದನ್ನು ದೋಷವೆಂದು ಬಗೆದು ಒಂದು ಅಳತೆಯನ್ನು ಕೈಬಿಡಬಹುದು. ನನ್ನ ವಾದ ಇದಕ್ಕೆ ವಿರುದ್ಧ: ಎರಡು ಅಳತೆಗಳ ನಡುವಿನ ಅಂತರವೇ, ದಾಖಲೆಗಳ ಹಸ್ತಾಂತರ ಎಷ್ಟು ಬಾಕಿಯಿದೆ ಎಂಬುದಕ್ಕೆ ಸಾಕ್ಷ್ಯವಾಗಬಲ್ಲದು. 'ಬಲ್ಲದು' ಎಂದದ್ದು ಬೇಕೆಂದೇ. ಕಡತ ಒಂದೇ ಕಡತವ್ಯವಸ್ಥೆಯೊಳಗೆ ಸರಿದಿದ್ದರೆ ಮಾತ್ರ ಈ ಮಾತು ನಿಲ್ಲುತ್ತದೆ. ಬೇರೆ ಡಿಸ್ಕಿಗೆ ಸಾಮಾನ್ಯ ನಕಲು ಮಾಡಿದರೆ, ಅಲ್ಲಿನ ಫೋಲ್ಡರಿಗೆ ಗುಂಪು ದಾಟಿಸುವ ಗುರುತಿದ್ದಲ್ಲಿ, ಹೊಸ ಕಡತಕ್ಕೆ ಹೊಸ ಗುಂಪೇ ಬರುತ್ತದೆ. ಹಳೆಯ ಗುಂಪನ್ನು ಉಳಿಸುವ ಆಯ್ಕೆಯಿಂದ ನಕಲು ಮಾಡಿದರೆ ಬಾರದು. ಅಳಿಸಿದ ಮೇಲೂ ಯಾವುದೋ ಪ್ರೋಗ್ರಾಮ್ ತೆರೆದಿಟ್ಟ ಕಡತ 'ಡಿಯು'ಗೆ ಕಾಣದು, ಕೋಟಾದಲ್ಲಿ ಮಾತ್ರ ಉಳಿಯುತ್ತದೆ. ಅದರಿಂದ ಹುಟ್ಟುವ ಅಂತರಕ್ಕೂ ವಿಭಜನೆಗೂ ಸಂಬಂಧವಿಲ್ಲ.

ಎರಡು ತಾಲ್ಲೂಕಿನ ಹಳ್ಳಿಗಳೂ ಒಂದೇ ರಟ್ಟಿನೊಳಗೆ ಇರುವ ಹಳೆಯ ಸಂಪುಟ ಇನ್ನೂ ತೊಡಕಿನದು. ಅದರ ಚಿತ್ರಕ್ಕೆ ಎರಡು ಫೋಲ್ಡರುಗಳಲ್ಲಿ ಹಾರ್ಡ್‌ಲಿಂಕ್ (ಒಂದೇ ಕಡತಕ್ಕೆ ಇನ್ನೊಂದು ಹೆಸರು) ಕೊಟ್ಟರೆ, 'ಡಿಯು' ಬೇರೆಬೇರೆಯಾಗಿ ಅಳೆದ ಮೊತ್ತ ಒಟ್ಟಿಗೆ ಅಳೆದದ್ದಕ್ಕಿಂತ ಹೆಚ್ಚಾಗುತ್ತದೆ; ಕೋಟಾ ಅದನ್ನು ಒಂದೇ ಗುಂಪಿಗೆ ಕಟ್ಟುತ್ತದೆ. ಫೋಲ್ಡರಿಗೆ ಪ್ರಾಜೆಕ್ಟಿನ ಗುರುತು ಹಚ್ಚಿ ಎಣಿಸುವ ಪ್ರಾಜೆಕ್ಟ್ ಕೋಟಾವಂತೂ, ಆ ಗುರುತು ಕೆಳಗಿಳಿಯುವಂತೆ ಹೊಂದಿಸಿದ್ದರೆ, ಎರಡು ಪ್ರಾಜೆಕ್ಟುಗಳ ನಡುವೆ ಅಂಥ ಲಿಂಕನ್ನೇ ಬಿಡುವುದಿಲ್ಲ. ಜಂಟಿ ಸಂಪುಟದ ಜಾಗವನ್ನು ಹಳ್ಳಿಗಳ ಪುಟಸಂಖ್ಯೆಗೆ ತಕ್ಕಂತೆ ಹಂಚಬೇಕೋ, ಮೂಲ ಪ್ರತಿ ಇರುವ ಕಚೇರಿಗೇ ಬಿಡಬೇಕೋ ಎಂಬುದನ್ನು ಈ ಎರಡು ಅಳತೆಗಳಿಂದ ತೀರ್ಮಾನಿಸಲಾಗದು. ಅದಕ್ಕೆ ಸಂಪುಟಗಳ ಹಳ್ಳಿವಾರು ಸೂಚಿ ಮೊದಲು ಸಿದ್ಧವಾಗಬೇಕು.