ನ್ಯೂಯಾರ್ಕಿನ ಹವ್ಯಾಸಿ ಖನಿಜಸಂಗ್ರಾಹಕರು

ಶಾಸ್ತ್ರಗಳ ಚರಿತ್ರೆಯನ್ನು ಬರೆಯುವಾಗ ವಿಶ್ವವಿದ್ಯಾನಿಲಯಗಳ ಆಚಾರ್ಯರಿಗೂ ಸರ್ಕಾರದ ಇಲಾಖೆಗಳಿಗೂ ಅಗ್ರಸ್ಥಾನವನ್ನು ಕೊಡುವುದು ವಾಡಿಕೆಯಾಗಿದೆ. ಖನಿಜಶಾಸ್ತ್ರದ ವಿಷಯದಲ್ಲಿ ಈ ಕ್ರಮವು ಪೂರ್ಣವಾಗಿ ಸಲ್ಲುವುದಿಲ್ಲ. ಅನ್ಯವೃತ್ತಿಗಳಲ್ಲಿದ್ದುಕೊಂಡು, ಬಿಡುವಿನ ದಿನಗಳಲ್ಲಿ ಸುತ್ತಿಗೆ ಉಳಿಗಳನ್ನು ಹಿಡಿದು ಕಲ್ಲುಗಣಿಗಳಿಗೆ ಹೋಗುತ್ತಿದ್ದ ಹವ್ಯಾಸಿಗಳು ಈ ಶಾಸ್ತ್ರಕ್ಕೆ ಸಾಮಗ್ರಿಯನ್ನು ಮಾತ್ರವಲ್ಲದೆ ಪತ್ರಿಕೆಯನ್ನೂ ಒದಗಿಸಿಕೊಟ್ಟರು. ಅಮೆರಿಕದಲ್ಲಿ ಇಂಥವರಿಗೆ ‘ರಾಕ್‌ಹೌಂಡ್’ ಎಂಬ ಹೆಸರು ರೂಢಿಗೆ ಬಂದಿದೆ. ಬಂಡೆಯ ಜಾಡನ್ನು ಹಿಡಿದು ಹೋಗುವ ಬೇಟೆನಾಯಿ ಎಂಬುದು ಅದರ ಅರ್ಥ. ಹೆಸರಿನಲ್ಲಿ ಪರಿಹಾಸವಿದ್ದರೂ ಅವರ ಕಾರ್ಯವು ಪರಿಹಾಸಕ್ಕೆ ಈಡಾಗತಕ್ಕುದಲ್ಲ. ನ್ಯೂಯಾರ್ಕ್ ನಗರದ ಸಂಗ್ರಾಹಕರ ವೃತ್ತಾಂತದಿಂದ ಈ ಅಂಶವು ವಿಶದವಾಗುವುದು.

ಆ ನಗರದ ಮಧ್ಯಭಾಗವಾದ ಮ್ಯಾನ್‌ಹಟನ್ ದ್ವೀಪವು ಕಾಗೆಬಂಗಾರ ತುಂಬಿದ ಪದರುಗಲ್ಲಿನ ಮೇಲೆ ನಿಂತಿದೆ. ಈ ಕಲ್ಲಿನ ನಡುನಡುವೆ ಗಾರ್ನೆಟ್, ಬೆರಿಲ್, ಟೂರ್ಮಲೀನ್ ಮೊದಲಾದ ಹರಳುಗಳು ಹುದುಗಿರುವುವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಗರವು ಬೆಳೆದಂತೆಲ್ಲ ತಳಪಾಯಗಳಿಗೂ ಚರಂಡಿಗಳಿಗೂ ನೆಲವನ್ನು ಅಗೆಯಬೇಕಾಯಿತು. ಅಗೆದ ಗುಂಡಿ ಕೆಲವು ದಿನ ಮಾತ್ರ ತೆರೆದಿದ್ದು, ತರುವಾಯ ಶಾಶ್ವತವಾಗಿ ಮುಚ್ಚಿಹೋಗುತ್ತಿದ್ದಿತು. 1885ರ ಆಗಸ್ಟ್ ತಿಂಗಳಲ್ಲಿ ಪಶ್ಚಿಮ 35ನೆಯ ಬೀದಿಯಲ್ಲಿ ಚರಂಡಿಯನ್ನು ತೋಡುತ್ತಿದ್ದಾಗ ಸುಮಾರು 4.4 ಕಿಲೋಗ್ರಾಂ ತೂಕದ ಒಂದೇ ಗಾರ್ನೆಟ್ ಹರಳು ದೊರೆಯಿತು. ಅದು ಈಗ ಅಮೆರಿಕದ ಪ್ರಕೃತಿಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿದೆ. ಜನರು ಅದನ್ನು ‘ಸಬ್‌ವೇ ಗಾರ್ನೆಟ್’, ಎಂದರೆ ಸುರಂಗರೈಲಿನ ಗಾರ್ನೆಟ್, ಎಂದು ಕರೆಯುವರು. ಆದರೆ ಆ ನಗರದಲ್ಲಿ ಸುರಂಗರೈಲು ಓಡತೊಡಗಿದುದು 1904ರಲ್ಲಿ. ಹರಳು ಸಿಕ್ಕಿದ ಸ್ಥಳವನ್ನೂ ಕಾಲವನ್ನೂ ಆಗಲೇ ಬರೆದಿಡದಿದ್ದರೆ ಹೆಸರೇ ಪ್ರಮಾಣವಾಗಿ ನಿಂತು, ಚರಿತ್ರೆಯು ತಪ್ಪುತ್ತಿದ್ದಿತು.

ಮರುವರ್ಷ, 1886ರಲ್ಲಿ, ಜಾರ್ಜ್ ಫ್ರೆಡರಿಕ್ ಕುನ್ಜ್, ಡೇನಿಯಲ್ ಮಾರ್ಟಿನ್, ಬೆಂಜಮಿನ್ ಚೇಂಬರ್ಲಿನ್ ಎಂಬ ಮೂವರು ಸೇರಿ ನ್ಯೂಯಾರ್ಕ್ ಮಿನರಲಾಜಿಕಲ್ ಕ್ಲಬ್ಬನ್ನು ಸ್ಥಾಪಿಸಿದರು. ಕುನ್ಜನು (1856–1932) ಬಾಲ್ಯದಿಂದಲೇ ಕಲ್ಲುಗಳನ್ನು ಕೂಡಿಹಾಕಿ ಬಹುಮಟ್ಟಿಗೆ ಸ್ವಪ್ರಯತ್ನದಿಂದಲೇ ವಿದ್ಯೆಯನ್ನು ಸಂಪಾದಿಸಿದವನು. ಟಿಫನಿ ಎಂಬ ಆಭರಣದಂಗಡಿಯಲ್ಲಿ ರತ್ನಪರೀಕ್ಷಕನಾಗಿದ್ದವನು. ಕ್ಯಾಲಿಫೋರ್ನಿಯದಲ್ಲಿ ದೊರೆತ ನಸುನೇರಿಳೆ ಬಣ್ಣದ ರತ್ನಕ್ಕೆ 1903ರಲ್ಲಿ ಅವನ ಹೆಸರಿನಿಂದ ಕುನ್ಜೈಟ್ ಎಂಬ ನಾಮವು ಬಂದಿತು. ಚೇಂಬರ್ಲಿನನು ನಗರದ ಖನಿಜಗಳನ್ನು ಸ್ಥಳನಿರ್ದೇಶದೊಡನೆ ವಿವರಿಸಿ 1888ರಲ್ಲಿ ಪ್ರಕಟಿಸಿದನು. ಬೀದಿಗಳೂ ಸೌಧಗಳೂ ಮುಚ್ಚಿಬಿಟ್ಟ ನೆಲಕ್ಕೆ ಇಂಥ ಬರೆವಣಿಗೆಯೇ ಈಗ ಸಾಕ್ಷಿ.

ನಗರದ ಹೊರಗೆ ಸಂಗ್ರಾಹಕರಿಗೆ ಮುಖ್ಯವಾದ ಕ್ಷೇತ್ರಗಳು ನೆರೆಯ ನ್ಯೂಜರ್ಸಿ ಪ್ರಾಂತದಲ್ಲಿದ್ದುವು. ಅವುಗಳಲ್ಲಿ ಪೇಟರ್ಸನ್ನಿನ ಕರಿಕಲ್ಲಿನ ಗಣಿಗಳು ಒಂದು. ಪೂರ್ವದ ಲಾವಾಪ್ರವಾಹದಲ್ಲಿ ಉಳಿದ ಪೊಟರೆಗಳಲ್ಲಿ ಪ್ರೆಹ್ನೈಟ್, ಸ್ಟಿಲ್ಬೈಟ್, ಅಪೊಫಿಲೈಟ್ ಎಂಬ ಹರಳುಗಳು ಅಲ್ಲಿ ಬೆಳೆದಿರುವುವು. ಬೆಳಗಾವಿ, ವಿಜಯಪುರ, ಬೀದರ ಜಿಲ್ಲೆಗಳವರೆಗೆ ಹಬ್ಬಿರುವ ದಖ್ಖನಿನ ಕರಿಕಲ್ಲೂ ಇಂಥದೇ ಲಾವಾಶಿಲೆಯಾದುದರಿಂದ, ಪುಣೆಯ ಸುತ್ತಣ ಗಣಿಗಳಲ್ಲಿಯೂ ಅಪೊಫಿಲೈಟ್ ದೊರೆಯುವುದು. ಎರಡು ಖಂಡಗಳ ಈ ಹರಳುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಬೆರಸಿಟ್ಟರೆ, ಯಾವುದು ಎಲ್ಲಿಯದೆಂದು ಸಾಮಾನ್ಯ ನೋಟಕ್ಕೆ ತಿಳಿಯಲಾರದು. ಆದುದರಿಂದಲೇ ಹರಳಿನ ಜೊತೆಯಲ್ಲಿರುವ ಚೀಟಿಗೆ ಸಂಗ್ರಾಹಕರಲ್ಲಿ ಅಷ್ಟು ಗೌರವ. ಊರು, ಗಣಿ, ದಿನಾಂಕ, ಕೊಟ್ಟವರ ಹೆಸರು ಇವಿಷ್ಟು ಅದರಲ್ಲಿರಬೇಕು. ಶಾಸನವನ್ನು ಕಿತ್ತು ತಂದು, ಅದಿದ್ದ ಊರನ್ನೂ ದೇಗುಲವನ್ನೂ ಮರೆತರೆ ಅಕ್ಷರಗಳು ಉಳಿದರೂ ಅರ್ಥದಲ್ಲಿ ಬಹುಭಾಗ ನಷ್ಟವಾಗುವಂತೆ, ಚೀಟಿ ಕಳೆದ ಹರಳು ಅಂದವನ್ನು ಉಳಿಸಿಕೊಂಡರೂ ಪ್ರಮಾಣವಾಗಿ ನಿಲ್ಲದು.

ಇನ್ನೊಂದು ಕ್ಷೇತ್ರವು ಫ್ರಾಂಕ್ಲಿನ್ ಮತ್ತು ಸ್ಟರ್ಲಿಂಗ್ ಹಿಲ್ ಎಂಬ ಸತುವಿನ ಗಣಿಗಳು. ಈ ಎರಡು ನಿಕ್ಷೇಪಗಳಲ್ಲಿ 350ಕ್ಕೂ ಹೆಚ್ಚು ಬಗೆಯ ಖನಿಜಗಳು ಗುರುತಿಸಲ್ಪಟ್ಟಿವೆ. ನೇರಳಾತೀತ ಕಿರಣವನ್ನು ಬೀರಿದೊಡನೆ ಇಲ್ಲಿಯ ವಿಲ್ಲೆಮೈಟ್ ಹಸುರಾಗಿಯೂ ಕ್ಯಾಲ್ಸೈಟ್ ಕೆಂಪಾಗಿಯೂ ಬೆಳಗುವುವು. ಫ್ರಾಂಕ್ಲಿನ್ ಗಣಿಯು 1954ರಲ್ಲಿಯೂ ಸ್ಟರ್ಲಿಂಗ್ ಹಿಲ್ ಗಣಿಯು 1986ರಲ್ಲಿಯೂ ನಿಂತುಹೋದುವು.

ಇನ್ನು ಪತ್ರಿಕೆಯ ವಿಚಾರ. 1894ರಿಂದ 1909ರವರೆಗೆ ‘ದಿ ಮಿನರಲ್ ಕಲೆಕ್ಟರ್’ ಎಂಬ ಮಾಸಪತ್ರಿಕೆಯು ಸಂಗ್ರಾಹಕರಿಗೆ ಆಸರೆಯಾಗಿದ್ದಿತು. ಅದು ನಿಂತಮೇಲೆ ಫಿಲಡೆಲ್ಫಿಯ ಮತ್ತು ನ್ಯೂಯಾರ್ಕ್ ಸಂಘಗಳ ಬೆಂಬಲದಿಂದ 1916ರಲ್ಲಿ ‘ದಿ ಅಮೆರಿಕನ್ ಮಿನರಲಾಜಿಸ್ಟ್’ ಹೊರಟಿತು. 1919ರ ಡಿಸೆಂಬರಿನಲ್ಲಿ ಪಂಡಿತರ ಮಿನರಲಾಜಿಕಲ್ ಸೊಸೈಟಿ ಆಫ್ ಅಮೆರಿಕ ಸ್ಥಾಪಿತವಾಗಿ, ಮರುವರ್ಷ ಈ ಪತ್ರಿಕೆಯೇ ಅದರ ಮುಖಪತ್ರಿಕೆಯಾಯಿತು. ಸ್ಫಟಿಕರಚನೆಯ ಗಣಿತವೂ ರಾಸಾಯನಿಕ ವಿಶ್ಲೇಷಣವೂ ಬೆಳೆದಂತೆ ಅದರ ಪುಟಗಳು ಸಾಮಾನ್ಯ ಸಂಗ್ರಾಹಕನ ಬುದ್ಧಿಗೆ ನಿಲುಕದಂತಾದುವು. ಇದರಲ್ಲಿ ಯಾರ ದ್ರೋಹವನ್ನೂ ಎಣಿಸಬೇಕಾಗಿಲ್ಲ. ಶಾಸ್ತ್ರವು ಬೆಳೆಯುವ ರೀತಿಯೇ ಅದು. ಆದರೂ ಮನೆಯನ್ನು ಕಟ್ಟಿದವರು ಜಗಲಿಯಲ್ಲಿ ಕುಳಿತುಕೊಳ್ಳಬೇಕಾದುದು ನಿಜ. 1926ರಲ್ಲಿ ಪೀಕ್ಸ್‌ಕಿಲ್ ಎಂಬ ಊರಿನಿಂದ ಪೀಟರ್ ಜೋಡಾಕನು ‘ರಾಕ್ಸ್ ಅಂಡ್ ಮಿನರಲ್ಸ್’ ಪತ್ರಿಕೆಯನ್ನು ಹೊರಡಿಸಿ ಹವ್ಯಾಸಿಗಳಿಗೆ ಪುನಃ ನೆಲೆಯನ್ನು ಕಲ್ಪಿಸಿದನು.

ಪ್ರಾಂತೀಯ ಒಕ್ಕೂಟಗಳೆಲ್ಲ 1947ರಲ್ಲಿ ಒಂದು ರಾಷ್ಟ್ರೀಯ ಒಕ್ಕೂಟವಾಗಿ ಸೇರಿದುವು. ನೆಲದ ಒಡೆಯನ ಅನುಮತಿಯಿಲ್ಲದೆ ಹೊಗಬಾರದು, ತೋಡಿದ ಗುಂಡಿಯನ್ನು ಮುಚ್ಚಬೇಕು, ತೆರೆದ ಬಾಗಿಲನ್ನು ತೆರೆದಂತೆಯೂ ಮುಚ್ಚಿದುದನ್ನು ಮುಚ್ಚಿದಂತೆಯೂ ಬಿಡಬೇಕು ಎಂಬಿವು ಅವರ ನಡವಳಿಕೆಯ ನಿಯಮಗಳು. ಸಂಗ್ರಹಣವು ಒಂದು ಬಗೆಯಲ್ಲಿ ವಿನಾಶವೂ ಹೌದೆಂಬ ಅರಿವು ಈ ನಿಯಮಗಳಲ್ಲಿ ಅಡಗಿದೆ: ಬಂಡೆಯಿಂದ ಒಡೆದ ಹರಳು ಮರಳಿ ಬಂಡೆಯನ್ನು ಸೇರದು. ಆ ನಷ್ಟಕ್ಕೆ ಸಂಗ್ರಾಹಕನು ಕೊಡಬಹುದಾದ ಪ್ರತಿಫಲವೆಂದರೆ ತಾನು ಕಂಡುದನ್ನು ಕಂಡ ಸ್ಥಳದಲ್ಲಿಯೇ ಬರೆದಿಡುವುದು. ಗಣಿಗಳು ಮುಚ್ಚಿ ಗುಂಡಿಗಳ ಮೇಲೆ ನಗರವು ನಿಂತಿದ್ದರೂ, ಆ ನೆಲದ ವಿಷಯವಾಗಿ ಪಂಡಿತರು ಇಂದಿಗೂ ಪ್ರಮಾಣಪೂರ್ವಕವಾಗಿ ಮಾತನಾಡಬಲ್ಲವರಾಗಿದ್ದರೆ, ಅದಕ್ಕೆ ಹವ್ಯಾಸಿಗಳ ಈ ಚೀಟಿಗಳೂ ಮುಖ್ಯ ಆಧಾರವೆಂದು ಹೇಳಬೇಕು.